ಬೋಲ್ಟಿಲ್ಲದ ಗಾಲಿಯನ್ನು ಹಿಡಿದಿರುವುದು ಯಾವುದು?

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದ ವಿದ್ಯಾರ್ಥಿ. ಕಾಲೇಜಿನಿಂದ ರೈಲ್ವೆ ವರ್ಕ್‌ಶಾಪ್ ಒಂದಕ್ಕೆ ಹೋಗಿದ್ದಾಗ, ದೊಡ್ಡ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಗಾಲಿಯನ್ನು ಆಕ್ಸಲ್‌ಗೆ ಒತ್ತಿ ಕೂರಿಸುವುದನ್ನು ನೋಡಿದೆವು. ಅಲ್ಲಿ ಕೀ, ಬೋಲ್ಟ್, ವೆಲ್ಡಿಂಗ್ ಯಾವುದೂ ಇರಲಿಲ್ಲ. ಹಾಗಿದ್ದರೆ ಬ್ರೇಕ್ ಹಾಕಿದಾಗ ಗಾಲಿ ಆಕ್ಸಲ್ ಮೇಲೆ ಜಾರುವುದಿಲ್ಲವೇ? ಅಲ್ಲಿದ್ದ ಹಿರಿಯ ತಂತ್ರಜ್ಞರೊಬ್ಬರು, “ಈ ಪ್ರೆಸ್ಸೂ ಬೋಗಿಯ ಬ್ರೇಕೂ ಒಂದೇ ಜಾತಿಯವು, ಎರಡೂ ಒತ್ತಡದ ಆಟ” ಎಂದರು. ಅದು ಎಷ್ಟರಮಟ್ಟಿಗೆ ಸರಿ? ಇವನ್ನು ಕಂಡುಹಿಡಿದವರು ಯಾರು? ನಮ್ಮ ತಂಡ ಪ್ರಾಜೆಕ್ಟಿಗಾಗಿ ಬಾಟಲ್ ಜಾಕ್ ಬಳಸಿ ಸಣ್ಣ ಪ್ರೆಸ್ ಮಾಡಬೇಕೆಂದುಕೊಂಡಿದೆ. ನಾವು ಏನನ್ನು ಗಮನಿಸಬೇಕು?

ಉತ್ತರ: ಮೊದಲು ಗಾಲಿಯನ್ನೇ ನೋಡೋಣ. ನೀವು ಕಂಡ ಗಾಲಿಯ ನಡುವಿನ ತೂತು, ಅದು ಕೂರಬೇಕಾದ ಆಕ್ಸಲ್ ಭಾಗಕ್ಕಿಂತ ಸ್ವಲ್ಪ ಚಿಕ್ಕದು. ವ್ಯಾಸದ ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಿಡುವುದು ಹಳೆಯ ಕಾಲದಿಂದ ಬಂದ ಲೆಕ್ಕ. ಆಕ್ಸಲ್‌ನ ಆ ಭಾಗ 190 ಮಿ.ಮೀ. ದಪ್ಪವಿದ್ದರೆ ಗಾಲಿಯ ಬೋರ್, ಅಂದರೆ ಆ ತೂತು, ಅದಕ್ಕಿಂತ ಸುಮಾರು 0.19 ಮಿ.ಮೀ. ಕಡಿಮೆ ಇರುತ್ತದೆ ಎಂದಿಟ್ಟುಕೊಳ್ಳಿ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಮೈಕ್ರೊಮೀಟರ್ ಮಾತ್ರ ತೋರಿಸುತ್ತದೆ. ದೊಡ್ಡದನ್ನು ಚಿಕ್ಕದರೊಳಗೆ ಬಲವಂತವಾಗಿ ತೂರಿಸಿದಾಗ ಗಾಲಿಯ ಹಬ್ (ತೂತಿನ ಸುತ್ತಲಿನ ದಪ್ಪ ಭಾಗ) ಹಿಗ್ಗುತ್ತದೆ, ಆಕ್ಸಲ್ ಕುಗ್ಗುತ್ತದೆ, ಎರಡೂ ತಮ್ಮ ಮೊದಲಿನ ಅಳತೆಗೆ ಮರಳಲು ಹೆಣಗುತ್ತವೆ. ಆ ಹೆಣಗಾಟವೇ ಗಾಲಿಯನ್ನು ಹಿಡಿದಿರುವ ಬಲ.

ಅದು ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಹಬ್‌ನ ಹೊರವ್ಯಾಸ 300 ಮಿ.ಮೀ. ಮತ್ತು ಜೋಡಣೆಯ ಉದ್ದ 180 ಮಿ.ಮೀ. ಎಂದುಕೊಂಡರೆ, ದಪ್ಪ ಸಿಲಿಂಡರಿನ ಸೂತ್ರದ ಪ್ರಕಾರ ಎರಡು ಮೈಗಳ ನಡುವೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 61 ನ್ಯೂಟನ್ ಒತ್ತಡ ಹುಟ್ಟುತ್ತದೆ. ಮೈಗಳು ಒಂದನ್ನೊಂದು ತಾಗುವ ವಿಸ್ತೀರ್ಣ ಒಂದು ಲಕ್ಷ ಚದರ ಮಿಲಿಮೀಟರಿಗೂ ಮೇಲೆ. ಘರ್ಷಣೆಯ ಗುಣಾಂಕವನ್ನು 0.12ರಷ್ಟು ಇಟ್ಟುಕೊಂಡರೂ ಗಾಲಿಯನ್ನು ಜರುಗಿಸಲು ಸುಮಾರು 80 ಟನ್ ಬಲ ಬೇಕು. ಈಗ ಬ್ರೇಕಿನ ಕಡೆಗೆ ಬನ್ನಿ. ಆಕ್ಸಲ್ ಮೇಲಿನ ಭಾರ 20 ಟನ್, ಅಂದರೆ ಒಂದೊಂದು ಗಾಲಿಗೆ 10 ಟನ್. ಗಾಲಿ ಮತ್ತು ಹಳಿಯ ನಡುವಿನ ಹಿಡಿತ ಚೆನ್ನಾಗಿರುವಾಗಲೂ ಆ ಭಾರದ ಕಾಲು ಭಾಗಕ್ಕಿಂತ ಹೆಚ್ಚಿನ ಬಲ ಅಲ್ಲಿಂದ ಹುಟ್ಟುವುದು ಕಷ್ಟ. ಅದನ್ನು ಮೀರಿದರೆ ಗಾಲಿ ಹಳಿಯ ಮೇಲೆ ಜಾರುತ್ತದೆಯೇ ಹೊರತು ಆಕ್ಸಲ್ ಮೇಲಲ್ಲ. 915 ಮಿ.ಮೀ. ವ್ಯಾಸದ ಗಾಲಿಯಲ್ಲಿ ಆ ಎರಡೂವರೆ ಟನ್ ಬಲ ಹುಟ್ಟಿಸುವ ತಿರುಚು (ಟಾರ್ಕ್) ಸುಮಾರು 11 ಕಿಲೋನ್ಯೂಟನ್-ಮೀಟರ್. ಬಿಗಿ ಜೋಡಣೆ ತಡೆಯಬಲ್ಲ ತಿರುಚು 75ರಷ್ಟು. ಆರು ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಆದ್ದರಿಂದ ಸರಿಯಾಗಿ ಕೂರಿಸಿದ ಗಾಲಿ ಬ್ರೇಕಿನ ಕಾರಣಕ್ಕೆ ಆಕ್ಸಲ್ ಮೇಲೆ ಜಾರುವುದಿಲ್ಲ.

ಕೀ, ಅಂದರೆ ಎರಡೂ ಒಟ್ಟಿಗೆ ತಿರುಗುವಂತೆ ನಡುವೆ ಕೂರಿಸುವ ಲೋಹದ ತುಂಡು, ಹಾಕಿದ್ದರೆ ಇನ್ನೂ ಭದ್ರವಾಗುತ್ತಿರಲಿಲ್ಲವೇ ಎಂದು ನಿಮಗೆ ಅನಿಸಬಹುದು. ಆಗುತ್ತಿರಲಿಲ್ಲ, ಬದಲಿಗೆ ಅಪಾಯ ಹೆಚ್ಚುತ್ತಿತ್ತು. ರೈಲಿನ ಆಕ್ಸಲ್ ತಿರುಗುವಾಗ ಅದರ ಮೈಯ ಪ್ರತಿ ಬಿಂದುವೂ ಒಂದು ಸುತ್ತಿನಲ್ಲಿ ಒಮ್ಮೆ ಎಳೆತಕ್ಕೂ ಒಮ್ಮೆ ಒತ್ತಡಕ್ಕೂ ಸಿಕ್ಕುತ್ತದೆ. ಆಕ್ಸಲ್‌ನ ಆಯುಷ್ಯದಲ್ಲಿ ಇದು ಕೋಟ್ಯಂತರ ಸಲ ನಡೆಯುತ್ತದೆ. ಇಂಥ ಕಡೆ ಕೀ ಕೂರಿಸಲೆಂದು ಒಂದು ಕಾಲುವೆ ಕೊರೆದರೆ ಅದರ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಲು ಜಾಗ ಮಾಡಿಕೊಟ್ಟಂತೆ. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಆಕ್ಸಲ್ ಮ್ಯೂಡಾನ್ ಬಳಿ ಮುರಿದು, ಹಿಂದಿನ ಬೋಗಿಗಳು ಅದರ ಮೇಲೇರಿ ಹೊತ್ತಿ ಉರಿದು, 50ಕ್ಕೂ ಹೆಚ್ಚು ಜನ ಸತ್ತರು. ಚೆನ್ನಾಗಿದ್ದ ಲೋಹ ಯಾವ ಮುನ್ಸೂಚನೆಯೂ ಇಲ್ಲದೆ ಏಕೆ ಮುರಿಯುತ್ತದೆ ಎಂಬ ಪ್ರಶ್ನೆ ಆಮೇಲೆ ಎಂಜಿನಿಯರುಗಳನ್ನು ಬಹುಕಾಲ ಕಾಡಿತು. ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವ್ಯೋಲರ್ 1850 ಮತ್ತು 60ರ ದಶಕಗಳಲ್ಲಿ ಆಕ್ಸಲ್‌ಗಳನ್ನು ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಮುರಿಯುವವರೆಗೆ ಪರೀಕ್ಷಿಸಿದ ಮೇಲೆ ಲೋಹದ ದಣಿವಿನ ಲೆಕ್ಕ ಸ್ಪಷ್ಟವಾಯಿತು. ಇಂದು ಗಾಲಿ ಕೂರುವ ಭಾಗವನ್ನು ಆಕ್ಸಲ್‌ನ ಉಳಿದ ಮೈಗಿಂತ ತುಸು ದಪ್ಪವಾಗಿಟ್ಟು, ಅಂಚಿನಲ್ಲಿ ದುಂಡಾದ ಇಳಿಜಾರು ಕೊಡುವುದೂ, ಓವರ್‌ಹಾಲಿಂಗಿಗೆ ಬಂದ ಆಕ್ಸಲ್‌ಗಳ ಆ ಅಂಚನ್ನು ಅಲ್ಟ್ರಾಸಾನಿಕ್ ಯಂತ್ರದಿಂದ ತಪಾಸಿಸುವುದೂ ಇದೇ ಕಾರಣಕ್ಕೆ. ಕೀ ಇಲ್ಲದಿರುವುದು ಉಳಿತಾಯಕ್ಕಾಗಿ ಅಲ್ಲ.

ಮುಂದಿನ ಸಲ ವ್ಹೀಲ್ ಪ್ರೆಸ್ ಮುಂದೆ ನಿಲ್ಲುವ ಅವಕಾಶ ಸಿಕ್ಕರೆ ರ‍್ಯಾಮ್ (ಒತ್ತುವ ದಪ್ಪ ದಂಡ) ಕಡೆ ನೋಡುವುದಕ್ಕಿಂತ ಗ್ರಾಫ್ ಕಡೆ ನೋಡಿ. ಕೂರಿಸುವ ಮೊದಲು ಆಕ್ಸಲ್ ಮತ್ತು ಬೋರ್ ಎರಡನ್ನೂ ಒರೆಸಿ, ಬಿಳಿ ಸೀಸ ಮತ್ತು ಕುದಿಸಿದ ಅಗಸೆ ಎಣ್ಣೆ ಬೆರೆಸಿದ ಲೇಪ ಹಚ್ಚುತ್ತಾರೆ. ಲೋಹಕ್ಕೆ ಲೋಹ ತಾಗಿ ಕೆರೆದು ಹರಿಯದಿರಲಿ ಎಂಬುದಕ್ಕೆ ಆ ಲೇಪ. ರ‍್ಯಾಮ್ ಮುಂದೆ ಸರಿದಂತೆ ಯಂತ್ರಕ್ಕೆ ಜೋಡಿಸಿದ ರೆಕಾರ್ಡರ್, ಗಾಲಿ ಎಷ್ಟು ದೂರ ಒಳಹೋಯಿತು, ಅದಕ್ಕೆ ಎಷ್ಟು ಬಲ ಬೇಕಾಯಿತು ಎಂಬುದನ್ನು ಗೆರೆಯಾಗಿ ಬರೆಯುತ್ತದೆ. ಒಳ್ಳೆಯ ಜೋಡಣೆಯಲ್ಲಿ ಆ ಗೆರೆ ಸೊನ್ನೆಯ ಹತ್ತಿರದಿಂದ ಹೊರಟು ಒಂದೇ ಸಮನೆ ಮೇಲೇರುತ್ತದೆ. ನಡುವೆ ತಟ್ಟನೆ ಬಿದ್ದರೆ ಬೋರ್ ಸರಿಯಿಲ್ಲ. ಆರಂಭದಲ್ಲೇ ನೆಟ್ಟಗೆ ಜಿಗಿದರೆ ಗಾಲಿ ಓರೆಯಾಗಿ ಸಿಕ್ಕಿಕೊಂಡಿದೆ ಅಥವಾ ಮೈ ಕಿತ್ತುಬರುತ್ತಿದೆ. ಕೊನೆಯವರೆಗೂ ಕೆಳಗೇ ಉಳಿದರೆ ಬಿಗಿ ಸಾಲದು. ನಮ್ಮಲ್ಲಿ ಬಳಕೆಯಲ್ಲಿರುವ ಅಂದಾಜು, ಗಾಲಿ ಕೂರುವ ಭಾಗದ ವ್ಯಾಸದ ಪ್ರತಿ ಮಿಲಿಮೀಟರಿಗೆ 400ರಿಂದ 500 ಕಿಲೋ. 190 ಮಿ.ಮೀ. ಆಕ್ಸಲ್‌ಗೆ ಅದು 76ರಿಂದ 95 ಟನ್ ಆಗುತ್ತದೆ. ಮೇಲೆ ನಾವು ಸೂತ್ರದಿಂದ ಪಡೆದ ಅಂಕಿ ಇದರ ನಡುವೆಯೇ ಬೀಳುತ್ತದೆ. ಕೊನೆಗೆ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರವನ್ನು ಸುತ್ತ ಮೂರು ಕಡೆ ಅಳೆಯುತ್ತಾರೆ. ಬ್ರಾಡ್‌ಗೇಜ್‌ನಲ್ಲಿ ಹಳಿಗಳ ಅಂತರ 1676 ಮಿ.ಮೀ., ಗಾಲಿಗಳ ಒಳ ಅಂತರ 1600 ಮಿ.ಮೀ.

ಇಲ್ಲಿ ನನಗೆ ಮುಖ್ಯವೆನಿಸುವ ಸಂಗತಿಯೊಂದಿದೆ. ಗಾಲಿಯನ್ನು ಕಾಯಿಸಿ ಹಿಗ್ಗಿಸಿ, ಆಕ್ಸಲ್ ಮೇಲೆ ಸುಲಭವಾಗಿ ಜಾರಿಸಿ, ತಣಿಯಲು ಬಿಟ್ಟರೂ ಇದೇ ಬಿಗಿ ಸಿಗುತ್ತದೆ. ಹಿಂದೆ ಗಾಲಿಯ ಮೇಲಿನ ಉಕ್ಕಿನ ಪಟ್ಟಿಯನ್ನು ಹಾಗೆಯೇ ಕೂರಿಸುತ್ತಿದ್ದರು. ಆದರೆ ತಣಿದ ಜೋಡಣೆ ತಾನು ಎಷ್ಟು ಬಿಗಿಯಾಗಿದ್ದೇನೆ ಎಂದು ಹೇಳುವುದಿಲ್ಲ, ನಾವು ಅಳತೆಗಳನ್ನು ನಂಬಬೇಕು. ಪ್ರೆಸ್ಸಿನಲ್ಲಿ ಕೂರಿಸುವಾಗ ಮಾತ್ರ ಕೂರಿಸುವ ಕೆಲಸವೇ ಪರೀಕ್ಷೆಯೂ ಆಗುತ್ತದೆ. 85 ಟನ್ ಬಲಕ್ಕೆ ಒಳಸರಿದ ಗಾಲಿ ಹತ್ತು ಟನ್ನಿಗೆ ಹೊರಬರುವುದಿಲ್ಲ. ಸಾವಿರಗಟ್ಟಲೆ ಗಾಲಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿಯೊಂದಕ್ಕೂ ದಾಖಲೆ ಇಡುವ ಇಷ್ಟು ಅಗ್ಗದ ಮಾರ್ಗ ಬೇರೆ ಇಲ್ಲ.

ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವ ಜಾಗ ನಮ್ಮಲ್ಲೇ ಇದೆ. ಯಲಹಂಕದ ರೈಲ್ ವ್ಹೀಲ್ ಫ್ಯಾಕ್ಟರಿ 1984ರಲ್ಲಿ ವ್ಹೀಲ್ ಆ್ಯಂಡ್ ಆಕ್ಸಲ್ ಪ್ಲಾಂಟ್ ಎಂಬ ಹೆಸರಿನಲ್ಲಿ ಶುರುವಾಯಿತು. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗಾಲಿ ಎರೆಯುವುದು, ಆಕ್ಸಲ್‌ಗಳನ್ನು ಕಾಯಿಸಿ ಬಡಿದು ರೂಪಿಸುವುದು, ಕೊನೆಗೆ ಎರಡನ್ನೂ ಪ್ರೆಸ್ಸಿನಲ್ಲಿ ಜೋಡಿಸುವುದು, ಎಲ್ಲವೂ ಅಲ್ಲೇ. ಎರಕದ ವಿಧಾನವೂ ನಿಮ್ಮ ಪ್ರಶ್ನೆಗೆ ಹತ್ತಿರದ್ದು: ಕರಗಿದ ಉಕ್ಕನ್ನು ಮೇಲಿಂದ ಸುರಿಯುವುದಿಲ್ಲ. ಉಕ್ಕು ತುಂಬಿದ ಪಾತ್ರೆಯನ್ನು ಮುಚ್ಚಿದ ತೊಟ್ಟಿಯೊಳಗಿಟ್ಟು ಗಾಳಿಯ ಒತ್ತಡ ಕೊಟ್ಟರೆ, ಪಿಂಗಾಣಿಯ ಕೊಳವೆಯ ಮೂಲಕ ಉಕ್ಕು ತಾನಾಗಿ ಮೇಲೇರಿ ಗ್ರಾಫೈಟ್ ಅಚ್ಚನ್ನು ಕೆಳಗಿನಿಂದ ತುಂಬುತ್ತದೆ. ಸುರಿಯುವಾಗ ಆಗುವ ಕಲಕಾಟ ಇರುವುದಿಲ್ಲವಾದ್ದರಿಂದ ಗಾಳಿಯ ಗುಳ್ಳೆ, ಕಿಟ್ಟ ಒಳಸೇರುವುದು ಕಡಿಮೆ.

ಇನ್ನು ಪ್ರೆಸ್ಸಿನ ಚರಿತ್ರೆ. ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು ಫ್ರಾನ್ಸಿನ ಪ್ಯಾಸ್ಕಲ್ 17ನೆಯ ಶತಮಾನದ ನಡುವಿನಲ್ಲೇ ಹೇಳಿದ್ದರು. ಸಣ್ಣ ಪ್ಲಂಜರಿನಿಂದ ದೊಡ್ಡ ರ‍್ಯಾಮ್ ಎತ್ತಬಹುದು ಎಂಬುದು ಅಲ್ಲಿಗೇ ಗೊತ್ತಾಗಿತ್ತು. ಆದರೂ ಕೆಲಸ ಮಾಡುವ ಹೈಡ್ರಾಲಿಕ್ ಪ್ರೆಸ್ಸಿಗೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದದ್ದು 1795ರಲ್ಲಿ. ಆ ಒಂದೂವರೆ ಶತಮಾನದ ಅಂತರಕ್ಕೆ ಒಂದು ದೊಡ್ಡ ಕಾರಣ ಸೋರಿಕೆ. ರ‍್ಯಾಮ್ ಮತ್ತು ಸಿಲಿಂಡರಿನ ನಡುವೆ ಚಲನೆಗೆ ಬೇಕಾದ ಸಂದು ಇದ್ದೇ ಇರಬೇಕು. ಒತ್ತಡ ಏರಿದಷ್ಟೂ ನೀರು ಆ ಸಂದಿನಿಂದ ಚಿಮ್ಮುತ್ತದೆ. ನೂಲಿನ ಪ್ಯಾಕಿಂಗ್ ತುರುಕಿ ಬಿಗಿ ಮಾಡಿದರೆ ಸೋರುವುದು ನಿಲ್ಲುತ್ತದೆ, ಜೊತೆಗೆ ರ‍್ಯಾಮ್ ಕೂಡ ನಿಲ್ಲುತ್ತದೆ, ಏಕೆಂದರೆ ಭಾರ ಇಳಿಸಿದ ಮೇಲೂ ಪ್ಯಾಕಿಂಗ್ ಹಿಡಿದುಕೊಂಡೇ ಇರುತ್ತದೆ.

ಇದಕ್ಕೆ ಸಿಕ್ಕ ಪರಿಹಾರ, ಅಂಚು ಮಡಿಸಿದ ಒಂದು ಚರ್ಮದ ಬಳೆ. ಅದರ ಟೊಳ್ಳಾದ ಬದಿ ಒತ್ತಡವಿರುವ ನೀರಿನ ಕಡೆಗೆ ಮುಖ ಮಾಡಿರುತ್ತದೆ. ನೀರು ಆ ಟೊಳ್ಳಿನೊಳಗೆ ನುಗ್ಗಿ ಚರ್ಮದ ಒಂದು ಅಂಚನ್ನು ರ‍್ಯಾಮ್‌ಗೂ ಇನ್ನೊಂದನ್ನು ಸಿಲಿಂಡರ್‌ಗೂ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಒತ್ತಡ ಇಳಿಸಿದ ಕೂಡಲೇ ಚರ್ಮ ಸಡಿಲಗೊಂಡು ರ‍್ಯಾಮ್ ಸಲೀಸಾಗಿ ಹಿಂದೆ ಬರುತ್ತದೆ. ಊರಿನ ಬೋರ್‌ವೆಲ್ ಕೈಪಂಪಿನಲ್ಲಿ ಸವೆದಾಗ ಬದಲಾಯಿಸುವ ಬಟ್ಟಲಿನಾಕಾರದ ವಾಷರ್ ಇದರದೇ ವಂಶದ್ದು. ಈ ಚರ್ಮದ ಬಳೆಯ ಶ್ರೇಯಸ್ಸನ್ನು ಎಂಜಿನಿಯರಿಂಗ್ ಇತಿಹಾಸಕಾರರು ಸಾಮಾನ್ಯವಾಗಿ ಬ್ರಾಮಾರಿಗಲ್ಲ, ಅವರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲಿಗೆ ಕೊಡುತ್ತಾರೆ. ವಾರಕ್ಕೆ 30 ಶಿಲಿಂಗಿಗಿಂತ ಹೆಚ್ಚು ಕೂಲಿ ಸಿಗಲಿಲ್ಲವೆಂದು 1797ರಲ್ಲಿ ಕೆಲಸ ಬಿಟ್ಟು ಸ್ವಂತ ಕಾರ್ಖಾನೆ ತೆರೆದ ಮಾಡ್ಸ್ಲಿ ಮುಂದೆ ಸ್ಕ್ರೂ ಕತ್ತರಿಸುವ ಲೇತ್‌ಗೆ ಹೆಸರಾದರು. ಪೇಟೆಂಟಿನ ಮೇಲೆ ಬ್ರಾಮಾರ ಹೆಸರಿದೆ. ಆ ಪೇಟೆಂಟನ್ನು ಉಪಯೋಗಕ್ಕೆ ಬರುವಂತೆ ಮಾಡಿದ್ದು ಈ ಚರ್ಮದ ತುಂಡು ಎಂಬುದು ನನ್ನ ಅಭಿಪ್ರಾಯ.

ಅರ್ಧ ಶತಮಾನದಲ್ಲಿ ಈ ಪ್ರೆಸ್ಸು ರೈಲ್ವೆಯ ಕೆಲಸಕ್ಕೂ ಬಂತು. ವೇಲ್ಸ್‌ನ ಮೆನಾಯ್ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀವನ್‌ಸನ್ ಕಟ್ಟಿಸಿದ ಬ್ರಿಟಾನಿಯಾ ರೈಲು ಸೇತುವೆಗೆ, ಸಾವಿರ ಟನ್ನಿಗೂ ಮೀರಿದ ಕಬ್ಬಿಣದ ಕೊಳವೆಗಳನ್ನು ನೀರಿನ ಮಟ್ಟದಿಂದ ಕಂಬಗಳ ಎತ್ತರಕ್ಕೆ ಹೈಡ್ರಾಲಿಕ್ ಪ್ರೆಸ್ಸುಗಳಿಂದಲೇ ಎತ್ತಲಾಯಿತು. 1849ರ ಆಗಸ್ಟ್‌ನಲ್ಲಿ ಎತ್ತುತ್ತಿರುವಾಗಲೇ ಒಂದು ಪ್ರೆಸ್ಸಿನ ಸಿಲಿಂಡರಿನ ತಳ ಒಡೆದುಹೋಯಿತು. ಆದರೆ ಕೊಳವೆ ಕೆಲವೇ ಅಂಗುಲ ಕುಸಿದು ನಿಂತಿತು, ಏಕೆಂದರೆ ಅದು ಮೇಲೇರಿದಂತೆಲ್ಲ ಅಡಿಯಲ್ಲಿ ಆಸರೆ ತುಂಬಿಸುತ್ತಲೇ ಹೋಗಬೇಕೆಂದು ಸ್ಟೀವನ್‌ಸನ್ ಹಟ ಹಿಡಿದಿದ್ದರು. ಆ ಹಟವಿಲ್ಲದಿದ್ದರೆ ಸೇತುವೆ ಅಂದೇ ಜಲಸಂಧಿಯ ತಳ ಸೇರುತ್ತಿತ್ತು.

ಈಗ ನಿಮ್ಮ ತಂತ್ರಜ್ಞರ ಮಾತಿಗೆ ಬರುತ್ತೇನೆ. ಅದು ಅರ್ಧ ಸರಿ. ಪ್ರೆಸ್ಸೂ ಬ್ರೇಕೂ ಒತ್ತಡದಿಂದಲೇ ದುಡಿಯುತ್ತವೆ, ನಿಜ. ಆದರೆ ಒಂದರಲ್ಲಿ ಎಣ್ಣೆ ಅಥವಾ ನೀರು, ಇನ್ನೊಂದರಲ್ಲಿ ಗಾಳಿ. ಈ ವ್ಯತ್ಯಾಸ ಸಣ್ಣದಲ್ಲ. ಹಳೆಯ ಮಾದರಿಯ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಯೊಂದರ 355 ಮಿ.ಮೀ. ವ್ಯಾಸದ ಬ್ರೇಕ್ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಹೆಚ್ಚೆಂದರೆ ಪ್ರತಿ ಚದರ ಸೆಂಟಿಮೀಟರಿಗೆ 3.8 ಕಿಲೋ, ಅದರಿಂದ ಸಿಗುವ ಬಲ ಮೂರೂಮುಕ್ಕಾಲು ಟನ್. ಅದೇ ಗಾಳಿಯಿಂದ 90 ಟನ್ ಬಲದ ವ್ಹೀಲ್ ಪ್ರೆಸ್ ಮಾಡಹೊರಟರೆ ಸಿಲಿಂಡರಿಗೆ ಒಂದೂಮುಕ್ಕಾಲು ಮೀಟರ್ ವ್ಯಾಸ ಬೇಕಾಗುತ್ತದೆ. 300 ಮಿ.ಮೀ. ರ‍್ಯಾಮ್‌ನ ಹೈಡ್ರಾಲಿಕ್ ಪ್ರೆಸ್ ಆ ಬಲವನ್ನು ಪ್ರತಿ ಚದರ ಸೆಂಟಿಮೀಟರಿಗೆ 127 ಕಿಲೋ ಒತ್ತಡದಲ್ಲಿ ಕೊಡುತ್ತದೆ. ಆ ಒತ್ತಡಕ್ಕೆ ಎಣ್ಣೆ ಕುಗ್ಗುವುದು ಶೇಕಡಾ ಒಂದಕ್ಕಿಂತ ಕಡಿಮೆ, ಆದ್ದರಿಂದ ರ‍್ಯಾಮ್ ಪಂಪ್ ಹೇಳಿದಷ್ಟೇ ಸರಿಯುತ್ತದೆ. ಗಾಳಿ ಹಾಗಲ್ಲ, ಒತ್ತಿದರೆ ಕುಗ್ಗಿ ಕೂರುತ್ತದೆ, ಬಿಟ್ಟರೆ ಹಿಗ್ಗಿ ಬರುತ್ತದೆ. ಪ್ರೆಸ್ಸಿಗೆ ಇದು ದೋಷ, ಬ್ರೇಕಿಗೆ ಗುಣ. ಏಕೆಂದರೆ ಕುಗ್ಗಿದ ಗಾಳಿ ಶಕ್ತಿಯ ಉಗ್ರಾಣ. ಪ್ರತಿ ಬೋಗಿಯ ಅಡಿಯಲ್ಲಿ ಒಂದು ತೊಟ್ಟಿ ತುಂಬಿಟ್ಟರೆ ಎಂಜಿನ್ ಕೈಬಿಟ್ಟರೂ ಆ ಶಕ್ತಿ ಬೋಗಿಯ ಬಳಿಯೇ ಇರುತ್ತದೆ. ಹೈಡ್ರಾಲಿಕ್ಸ್‌ನವರಿಗೆ ಇಂಥ ಉಗ್ರಾಣ ಬೇಕಾದಾಗ ಬೇರೆ ದಾರಿ ಹುಡುಕಬೇಕಾಯಿತು: 1850ರ ಸುಮಾರಿಗೆ ವಿಲಿಯಂ ಆರ್ಮ್‌ಸ್ಟ್ರಾಂಗ್, ಭಾರಿ ತೂಕ ಹೇರಿದ ಪ್ಲಂಜರನ್ನು ನೀರಿನಿಂದ ಎತ್ತಿಟ್ಟು, ಬೇಕಾದಾಗ ಅದರ ಇಳಿತದಿಂದ ಒತ್ತಡ ಪಡೆಯುವ ಅಕ್ಯುಮ್ಯುಲೇಟರ್ ರೂಪಿಸಿದರು.

ಹೋಲಿಕೆ ಇರುವುದು ಬೇರೆ ಕಡೆ. ಚರ್ಮದ ಬಳೆಯಲ್ಲಿ ಸೋರಿಕೆಗೆ ಕಾರಣವಾಗಬೇಕಿದ್ದ ಒತ್ತಡವೇ ಸೋರಿಕೆಯನ್ನು ಮುಚ್ಚಿತು. ಬ್ರೇಕಿನಲ್ಲಿಯೂ ಆಗಿದ್ದು ಅದೇ: ಅನಾಹುತಕ್ಕೆ ಕಾರಣವಾಗಬೇಕಿದ್ದ ಸೋರಿಕೆಯೇ ರೈಲನ್ನು ನಿಲ್ಲಿಸಿತು. ಆದರೆ ಅದು ಮೊದಲ ಯತ್ನದಲ್ಲಿ ಆಗಲಿಲ್ಲ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಗಾಳಿ ಬ್ರೇಕ್ ನೇರವಾದದ್ದು. ಎಂಜಿನ್ನಿನಲ್ಲಿ ಉಗಿಯಿಂದ ಓಡುವ ಕಂಪ್ರೆಸರ್ ಮತ್ತು ಗಾಳಿಯ ತೊಟ್ಟಿ, ಅಲ್ಲಿಂದ ಉದ್ದಕ್ಕೂ ಒಂದು ಪೈಪು, ಪ್ರತಿ ಬೋಗಿಯಲ್ಲಿ ಒಂದು ಸಿಲಿಂಡರು. ಚಾಲಕ ಕವಾಟ ತೆರೆದರೆ ಗಾಳಿ ಹರಿದು ಬ್ರೇಕ್ ಬೀಳುತ್ತದೆ. ಅದಕ್ಕಿಂತ ಮೊದಲು ಬ್ರೇಕ್‌ಮನ್‌ಗಳು ಓಡುವ ರೈಲಿನ ಚಾವಣಿಯ ಮೇಲೆ ನಡೆಯುತ್ತ ಬೋಗಿಯಿಂದ ಬೋಗಿಗೆ ದಾಟಿ ಚಕ್ರ ತಿರುಗಿಸಿ ಬ್ರೇಕ್ ಹಾಕಬೇಕಿತ್ತಾದ್ದರಿಂದ ಇದು ದೊಡ್ಡ ಹೆಜ್ಜೆಯೇ. ಆದರೆ ಪೈಪು ಒಡೆದರೆ, ಬೋಗಿ ಕಳಚಿದರೆ, ಬ್ರೇಕ್ ಅತ್ಯಂತ ಅಗತ್ಯವಾದ ಆ ಗಳಿಗೆಯಲ್ಲೇ ಅದು ಇಲ್ಲವಾಗುತ್ತಿತ್ತು.

ಇಂಥ ಬ್ರೇಕಿನ ಬೆಲೆ ಏನೆಂಬುದನ್ನು ಐರ್ಲೆಂಡಿನ ಆರ್ಮಾ ಪಟ್ಟಣದ ಬಳಿ 1889ರ ಜೂನ್ 12ರಂದು ನಡೆದ ಅಪಘಾತ ತೋರಿಸಿತು. ಭಾನುವಾರದ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ರೈಲು 75ಕ್ಕೆ 1ರ (75 ಅಡಿ ಸಾಗಿದರೆ ಒಂದು ಅಡಿ ಏರುವ) ಏರಿನಲ್ಲಿ ನಿಂತುಬಿಟ್ಟಿತು. ಸಿಬ್ಬಂದಿ ರೈಲನ್ನು ಎರಡು ಭಾಗ ಮಾಡಿ ಮುಂದಿನದನ್ನು ಮೊದಲು ಒಯ್ಯಲು ನಿರ್ಧರಿಸಿದರು. ಆ ರೈಲಿಗಿದ್ದದ್ದು ಸರಳ ನಿರ್ವಾತ ಬ್ರೇಕ್, ಅಂದರೆ ಎಂಜಿನ್ ಗಾಳಿ ಎಳೆದುಕೊಂಡಾಗ ಮಾತ್ರ ಹಿಡಿಯುವಂಥದ್ದು. ಪೈಪು ಬಿಚ್ಚಿದ ಕೂಡಲೇ ಹಿಂದಿನ ಬೋಗಿಗಳಲ್ಲಿ ಬ್ರೇಕ್ ಬಿಟ್ಟುಹೋಯಿತು. ಉಳಿದದ್ದು ಗಾರ್ಡ್ ವ್ಯಾನಿನ ಕೈಬ್ರೇಕ್ ಮತ್ತು ಗಾಲಿಗಳ ಹಿಂದೆ ಇಟ್ಟ ಕಲ್ಲುಗಳು. ಕಳಚುವಾಗ ಎಂಜಿನ್ ತುಸು ಹಿಂದೆ ತಳ್ಳಿದ್ದೇ ತಡ, ಕಲ್ಲುಗಳು ಪುಡಿಯಾಗಿ ಬೋಗಿಗಳು ಇಳಿಜಾರಿನಲ್ಲಿ ಓಡಿ, ಹಿಂದೆ ಬರುತ್ತಿದ್ದ ರೈಲಿಗೆ ಅಪ್ಪಳಿಸಿದವು. ಸುಮಾರು 80 ಜನ ಸತ್ತರು. ಪ್ರಯಾಣಿಕ ರೈಲುಗಳಲ್ಲಿ ತಾನಾಗಿ ಬೀಳುವ ಬ್ರೇಕನ್ನು ಕಡ್ಡಾಯಗೊಳಿಸುವ ಕಾನೂನು ಬ್ರಿಟನ್ನಿನಲ್ಲಿ ಅದೇ ವರ್ಷ ಬಂತು. ವಿಷಾದದ ಸಂಗತಿಯೆಂದರೆ ಪರಿಹಾರ ಹದಿನೇಳು ವರ್ಷ ಮೊದಲೇ ಸಿದ್ಧವಿತ್ತು.

1872ರಲ್ಲಿ ವೆಸ್ಟಿಂಗ್‌ಹೌಸ್ ತಮ್ಮ ಬ್ರೇಕನ್ನು ತಲೆಕೆಳಗು ಮಾಡಿದ್ದರು. ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕ್ ಬಿಟ್ಟಿರಬೇಕು, ಗಾಳಿ ಹೋದರೆ ಬ್ರೇಕ್ ಬೀಳಬೇಕು. ಇದಕ್ಕಾಗಿ ಪ್ರತಿ ಬೋಗಿಗೂ ಸ್ವಂತ ಗಾಳಿ ತೊಟ್ಟಿ ಕೊಟ್ಟು, ಪೈಪು, ತೊಟ್ಟಿ, ಸಿಲಿಂಡರುಗಳ ನಡುವೆ ಟ್ರಿಪಲ್ ವಾಲ್ವ್ ಎಂಬ ಕವಾಟ ಕೂರಿಸಿದರು. ಅದರೊಳಗಿನ ಪುಟ್ಟ ಪಿಸ್ಟನ್ನಿನ ಒಂದು ಬದಿಗೆ ಪೈಪಿನ ಒತ್ತಡ, ಇನ್ನೊಂದು ಬದಿಗೆ ತೊಟ್ಟಿಯ ಒತ್ತಡ. ಪೈಪಿನ ಒತ್ತಡ ಹೆಚ್ಚಿದ್ದಾಗ ಪಿಸ್ಟನ್ ಒಂದು ಕಡೆ ಸರಿದು, ತೊಟ್ಟಿಗೆ ಗಾಳಿ ತುಂಬಲು ದಾರಿ ಬಿಟ್ಟು, ಸಿಲಿಂಡರಿನ ಗಾಳಿಯನ್ನು ಹೊರಗೆ ಹೋಗಗೊಡುತ್ತದೆ. ಚಾಲಕ ಪೈಪಿನ ಒತ್ತಡವನ್ನು ಸ್ವಲ್ಪ ಇಳಿಸಿದರೆ ತೊಟ್ಟಿಯ ಒತ್ತಡವೇ ಮೇಲಾಗಿ ಪಿಸ್ಟನ್ನನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಹೊರದಾರಿ ಮುಚ್ಚಿ, ತೊಟ್ಟಿಯ ಗಾಳಿ ಸಿಲಿಂಡರಿಗೆ ಹರಿಯುತ್ತದೆ. ತೊಟ್ಟಿಯ ಒತ್ತಡ ಪೈಪಿನ ಮಟ್ಟಕ್ಕೆ ಇಳಿದಾಗ ಪಿಸ್ಟನ್ ನಡುವೆ ನಿಂತು ಇದ್ದ ಬ್ರೇಕನ್ನು ಹಾಗೆಯೇ ಹಿಡಿದಿಡುತ್ತದೆ. ಆ ಕವಾಟ ಯಾರ ಆಜ್ಞೆಗೂ ಕಾಯುವುದಿಲ್ಲ. ಒತ್ತಡ ಇಳಿಸಿದ್ದು ಚಾಲಕನೋ, ಕಳಚಿದ ಬೋಗಿಯೋ, ಒಡೆದ ಹೋಸ್ ಪೈಪೋ ಎಂಬುದು ಅದಕ್ಕೆ ಬೇಕಾಗಿಲ್ಲ. ನೀವು ಬೋಗಿಯಲ್ಲಿ ಅಪಾಯದ ಸರಪಳಿ ಎಳೆದಾಗ ಆಗುವುದೂ ಇಷ್ಟೇ: ಬೋಗಿಯ ಕೊನೆಯಲ್ಲಿರುವ ಸಣ್ಣ ರಂಧ್ರವೊಂದು ತೆರೆದು ಬ್ರೇಕ್ ಪೈಪಿನ ಗಾಳಿ ಸುಯ್ಯೆಂದು ಹೊರಬೀಳುತ್ತದೆ.

ಹಾಗೆಂದು ಈ ಬ್ರೇಕ್ ಒಂದೇ ಸಲಕ್ಕೆ ಪರಿಪೂರ್ಣವಾಗಲಿಲ್ಲ. 1886 ಮತ್ತು 87ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 50 ವ್ಯಾಗನ್‌ಗಳ ಗೂಡ್ಸ್ ರೈಲುಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಒತ್ತಡ ಇಳಿದ ಸುದ್ದಿ ಹಿಂದಿನ ವ್ಯಾಗನ್‌ಗಳಿಗೆ ತಲಪುವ ಮೊದಲೇ ಮುಂದಿನವು ನಿಂತು, ಹಿಂದಿನವು ಬಂದು ಗುದ್ದುತ್ತಿದ್ದವು. ತುರ್ತು ಸಂದರ್ಭದಲ್ಲಿ ಪ್ರತಿ ವ್ಯಾಗನ್ನಿನ ಕವಾಟವೂ ತನ್ನ ಬಳಿಯ ಪೈಪಿನ ಗಾಳಿಯನ್ನು ತಾನೇ ಖಾಲಿ ಮಾಡಿ ಮುಂದಿನ ಕವಾಟವನ್ನು ಎಚ್ಚರಿಸುವಂತೆ ತಿದ್ದಿದ ಮೇಲೆ ಆ ತೊಂದರೆ ಕಳೆಯಿತು. ಇನ್ನೊಂದು ದೋಷ ಘಟ್ಟಗಳಲ್ಲಿ ಕಾಣುವಂಥದ್ದು. ಟ್ರಿಪಲ್ ವಾಲ್ವ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಬಿಡಲಾರದು, ಬಿಟ್ಟರೆ ಪೂರ್ತಿ ಬಿಡುತ್ತದೆ. ಉದ್ದದ ಇಳಿಜಾರಿನಲ್ಲಿ ಪದೇ ಪದೇ ಬಿಟ್ಟು ಹಾಕಿದರೆ ತೊಟ್ಟಿ ತುಂಬಲು ಸಮಯ ಸಾಲದೆ ಬರಿದಾಗುತ್ತದೆ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ 37ಕ್ಕೆ 1ರ ಘಟ್ಟವನ್ನೋ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 50ಕ್ಕೆ 1ರ ಘಟ್ಟವನ್ನೋ ನೆನೆದರೆ ಇದರ ಗಂಭೀರತೆ ತಿಳಿಯುತ್ತದೆ. ಇಂದಿನ ಬೋಗಿಗಳಲ್ಲಿರುವ ಡಿಸ್ಟ್ರಿಬ್ಯೂಟರ್ ವಾಲ್ವ್ ಬ್ರೇಕನ್ನು ಹಂತಹಂತವಾಗಿ ಸಡಿಲಿಸಬಲ್ಲದು, ಮತ್ತು 5 ಕಿಲೋ ಒತ್ತಡದ ಬ್ರೇಕ್ ಪೈಪಿನ ಜೊತೆಗೆ 6 ಕಿಲೋ ಒತ್ತಡದ ಇನ್ನೊಂದು ಪೈಪು ತೊಟ್ಟಿಯನ್ನು ಸದಾ ತುಂಬಿಸುತ್ತಿರುತ್ತದೆ. ನಮ್ಮ ದೇಶದಲ್ಲಿ ಬ್ರಿಟಿಷರಿಂದ ಬಂದ ನಿರ್ವಾತ ಬ್ರೇಕ್, ತಾನಾಗಿ ಬೀಳುವ ರೂಪದಲ್ಲಿ, 20ನೆಯ ಶತಮಾನದ ಕೊನೆಯವರೆಗೂ ಓಡುತ್ತಿತ್ತು. ಅದರಲ್ಲಿ ಎಷ್ಟೇ ಮಾಡಿದರೂ ಒಂದು ವಾತಾವರಣದ ಒತ್ತಡಕ್ಕಿಂತ ಹೆಚ್ಚು ಸಿಗುವಂತಿಲ್ಲವಾದ್ದರಿಂದ, ಭಾರಿ ಗೂಡ್ಸ್ ರೈಲುಗಳು ಬಂದ ಮೇಲೆ ಗಾಳಿ ಬ್ರೇಕಿಗೆ ದಾಟುವುದು ಅನಿವಾರ್ಯವಾಯಿತು.

ಕಪ್ಲಿಂಗ್, ಅಂದರೆ ಬೋಗಿಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎರಡು ಬೋಗಿಗಳು ಗುದ್ದುವ ರಭಸ, ಅವುಗಳ ನಡುವೆ ನಿಂತು ಕೊಂಡಿಗೆ ಪಿನ್ ಹಾಕುತ್ತಿದ್ದ ಕಾರ್ಮಿಕರ ಬೆರಳು, ಕೈ, ಕೆಲವೊಮ್ಮೆ ಪ್ರಾಣವನ್ನೂ ತೆಗೆಯುತ್ತಿತ್ತು. ವರ್ಜೀನಿಯಾದ ಈಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ ಕಪ್ಲರ್, ಅದೇ ರಭಸದಿಂದ ಎರಡು ಉಕ್ಕಿನ ಮುಷ್ಟಿಗಳು ತಾವಾಗಿ ಒಂದನ್ನೊಂದು ಹಿಡಿಯುವಂತೆ ಮಾಡಿತು. ಅಮೆರಿಕದಲ್ಲಿ ತಾನಾಗಿ ಜೋಡಿಸಿಕೊಳ್ಳುವ ಕಪ್ಲರನ್ನೂ ಗಾಳಿ ಬ್ರೇಕನ್ನೂ ಕಡ್ಡಾಯ ಮಾಡಿದ್ದು 1893ರ ಕಾನೂನು. ನಮ್ಮ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಹೊಸ ಮಾದರಿಯ) ಬೋಗಿಗಳ ತುದಿಯಲ್ಲಿ ಕಾಣುವ ಮುಷ್ಟಿ ಅದೇ ಮನೆತನದ್ದು.

ಪ್ರೆಸ್ಸು ಗಾಲಿ ಕೂರಿಸಲು ಮಾತ್ರವಲ್ಲ, ಬೋಗಿಯನ್ನೇ ರೂಪಿಸಲೂ ಬಂತು. ಲೀಡ್ಸ್‌ನ ಸ್ಯಾಮ್ಸನ್ ಫಾಕ್ಸ್ 1880ರ ದಶಕದಲ್ಲಿ, ಕಾಯಿಸಿದ ಉಕ್ಕಿನ ತಗಡನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಅಂಚು ಮಡಿಸಿ, ಗಾಲಿಗಳನ್ನು ಹೊರುವ ಚೌಕಟ್ಟನ್ನು ತಯಾರಿಸಿದರು. ಹಲವು ತುಂಡುಗಳನ್ನು ರಿವೆಟ್ ಹೊಡೆದು ಜೋಡಿಸುವ ಬದಲು ಒಂದೇ ತಗಡು. ಸಡಿಲಗೊಳ್ಳಲು ರಿವೆಟ್‌ಗಳೇ ಕಡಿಮೆ. ಪಿಟ್ಸ್‌ಬರ್ಗ್‌ನ ಚಾರ್ಲ್ಸ್ ಶೋನ್ ಇದೇ ದಾರಿಯಲ್ಲಿ ಮುಂದುವರಿದು 1897ರಿಂದ ಇಡೀ ಅದಿರು ವ್ಯಾಗನ್‌ಗಳನ್ನೇ ಒತ್ತಿದ ಉಕ್ಕಿನಿಂದ ಕಟ್ಟಿಸಿದರು.

ಕ್ರ್ಯಾಂಕ್‌ನಿಂದ ಓಡುವ ಪವರ್ ಪ್ರೆಸ್ಸುಗಳಲ್ಲಿ ಬ್ರೇಕಿನ ಪಾಠ ಇನ್ನೂ ನೇರವಾಗಿ ಕಾಣುತ್ತದೆ. ತಗಡು ಕತ್ತರಿಸುವ ಆಧುನಿಕ ಪ್ರೆಸ್ಸಿನ ಕ್ಲಚ್ ಹಿಡಿಯುವುದು ಗಾಳಿಯಿಂದ, ಬ್ರೇಕ್ ಹಿಡಿಯುವುದು ಸ್ಪ್ರಿಂಗ್‌ನಿಂದ. ಗಾಳಿ ಬಂದರೆ ಮಾತ್ರ ಬ್ರೇಕ್ ಬಿಡುತ್ತದೆ. ಕಂಪ್ರೆಸರ್ ಕೆಟ್ಟರೆ, ಹೋಸ್ ಕಿತ್ತರೆ, ಕರೆಂಟ್ ಹೋಗಿ ಕವಾಟ ಮುಚ್ಚಿಕೊಂಡರೆ, ಸ್ಪ್ರಿಂಗ್ ರ‍್ಯಾಮನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಹಳೆಯ ಪೆಡಲ್ ಪ್ರೆಸ್ಸುಗಳಲ್ಲಿ ಒಮ್ಮೆ ಕ್ಲಚ್ ಸಿಕ್ಕಿದರೆ ಕ್ರ್ಯಾಂಕ್ ಒಂದು ಸುತ್ತು ಮುಗಿಸುವವರೆಗೆ ನಿಲ್ಲುತ್ತಿರಲಿಲ್ಲ. ಇಂಥವು ನಮ್ಮ ಕೈಗಾರಿಕಾ ಪ್ರದೇಶಗಳ ಸಣ್ಣ ಶೆಡ್‌ಗಳಲ್ಲಿ ಇನ್ನೂ ಇವೆ. ಅವುಗಳ ಬಳಿ ಕೆಲಸ ಮಾಡುವ ಸಂದರ್ಭ ಬಂದರೆ ಮೊದಲು ಡೈಗೆ ಗಾರ್ಡ್ ಇದೆಯೇ ನೋಡಿ, ಆಮೇಲೆ ಉಳಿದದ್ದು.

ಇನ್ನು ನಿಮ್ಮ ಪ್ರಾಜೆಕ್ಟ್. ಬಾಟಲ್ ಜಾಕ್ ಇಟ್ಟು ಎಚ್ ಆಕಾರದ ಚೌಕಟ್ಟು ವೆಲ್ಡ್ ಮಾಡಿ ತೋರಿಸುವ ಪ್ರಾಜೆಕ್ಟುಗಳು ಪ್ರತಿ ವರ್ಷ ಬರುತ್ತವೆ, ಹೆಚ್ಚಿನವು ಜಾಕ್‌ನ ಮೇಲೆ ಬರೆದ ಟನ್ನನ್ನೇ ತಮ್ಮ ಸಾಧನೆಯೆಂದು ಬರೆಯುತ್ತವೆ. ನೀವು ಪುಟ್ಟ ವ್ಹೀಲ್ ಪ್ರೆಸ್ ಮಾಡಿ. 30 ಮಿ.ಮೀ. ಶಾಫ್ಟ್, 60 ಮಿ.ಮೀ. ಹೊರವ್ಯಾಸದ ಹಬ್, 30 ಮಿ.ಮೀ. ಉದ್ದದ ಜೋಡಣೆ, 0.03 ಮಿ.ಮೀ. ಬಿಗಿ ಇಟ್ಟುಕೊಂಡರೆ, ಎರಡೂ ಉಕ್ಕಿನವಾಗಿದ್ದಲ್ಲಿ, ಮೇಲಿನ ಸೂತ್ರದಂತೆ ಎರಡೂವರೆಯಿಂದ ಮೂರು ಟನ್ ಬಲ ಬೇಕಾಗುತ್ತದೆ. ಹತ್ತು ಟನ್ನಿನ ಜಾಕ್‌ಗೆ ಇದು ಹೂ ಎತ್ತಿದಷ್ಟು ಹಗುರ. ಬೋರ್‌ನ್ನು ಡ್ರಿಲ್‌ನಲ್ಲೇ ಬಿಡದೆ ರೀಮ್ ಮಾಡಿಸಿ, ಶಾಫ್ಟ್‌ನ ತುದಿಗೆ ಸಣ್ಣ ಇಳಿಜಾರು ಕೊಡಿ, ಇಲ್ಲವಾದರೆ ಗ್ರಾಫ್ ಆರಂಭದಲ್ಲೇ ಜಿಗಿಯುತ್ತದೆ. ಬಲ ಅಳೆಯಲು ಜಾಕ್‌ನ ಮೈಯನ್ನು ಕೊರೆದು ಗೇಜ್ ಕೂರಿಸುವ ಸಾಹಸ ಬೇಡ. ಗೇಜ್ ಹಾಕಲು ತೂತು ಇರುವ ಜಾಕ್ ಕೊಳ್ಳಿ ಅಥವಾ ರ‍್ಯಾಮ್ ಮತ್ತು ಹಬ್ ನಡುವೆ ಲೋಡ್ ಸೆಲ್ ಇಡಿ. ಸರಿದ ದೂರವನ್ನು ಡಯಲ್ ಗೇಜ್‌ನಿಂದ ಓದಿ, ಒಂದೊಂದು ಮಿಲಿಮೀಟರಿಗೆ ಬಲ ಬರೆದುಕೊಂಡರೆ ಮೂವತ್ತು ಬಿಂದುಗಳ ಗ್ರಾಫ್ ಸಿಗುತ್ತದೆ. ಚೌಕಟ್ಟು ಮುರಿಯದಿದ್ದರೆ ಸಾಲದು, ಬಾಗಲೂಬಾರದು. ಬಾಗಿದರೆ ಹಬ್ ಓರೆಯಾಗಿ ಇಳಿಯುತ್ತದೆ. ಒತ್ತುವಾಗ ಶಾಫ್ಟ್‌ನ ನೇರಕ್ಕೆ ಯಾರೂ ನಿಲ್ಲಬೇಡಿ, ಮುಂದೆ ಪಾಲಿಕಾರ್ಬೊನೇಟ್ ಹಾಳೆಯ ತಡೆ ಇರಲಿ.

ಕೂರಿಸಿದ ಮರುದಿನ ಅದೇ ಹಬ್ಬನ್ನು ಹೊರಗೆ ಒತ್ತಿ, ಆ ಬಲವನ್ನೂ ಬರೆದುಕೊಳ್ಳಿ. ಒಳಹೋಗುವಾಗಿನದಕ್ಕಿಂತ ಮೊದಲು ಕದಲಿಸುವ ಬಲ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಏಕೆಂದರೆ ನಿಂತ ಮೈಗಳ ನಡುವಿನ ಲೇಪ ಹಿಂಡಿಹೋಗಿರುತ್ತದೆ. ಲೇಪವಿಲ್ಲದೆ ಒಂದು, ಎಂಜಿನ್ ಆಯಿಲ್ ಹಚ್ಚಿ ಒಂದು, ಅಗಸೆ ಎಣ್ಣೆ ಹಚ್ಚಿ ಒಂದು ಹೀಗೆ ಮೂರು ಜೋಡಿ ಮಾಡಿ, ಮೂರು ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಬಿಳಿ ಸೀಸ ವಿಷ, ಅದನ್ನು ಕಾಲೇಜಿನ ಲ್ಯಾಬಿಗೆ ತರಬೇಡಿ.